ಸಿಲ್ಲಿಮ್‌ದೊಂಗ್: ಸಿಯೋಲ್‌ನ ಒಂದು ಬಡಾವಣೆಯ ಆಡಳಿತ ಇತಿಹಾಸ – ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ಗೆ ಓದಲು, ಸಂಶೋಧನೆಗೆ ಹೋಗುವವರಲ್ಲಿ ಅನೇಕರು ಮೊದಲು ಕೋಣೆ ಹುಡುಕುವುದು ಸಿಲ್ಲಿಮ್‌ದೊಂಗ್ ಸುತ್ತಮುತ್ತ. ಕೊರಿಯಾದ ನಗರ ಇತಿಹಾಸ ಓದುವವರಿಗೂ ಈ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಒಂದು ಕಾಗದದಲ್ಲಿ ಸಿಲ್ಲಿಮ್‌ದೊಂಗ್ ಎಂದಿದ್ದರೆ ಇನ್ನೊಂದರಲ್ಲಿ ದೇಹಾಕ್‌ದೊಂಗ್, ಮತ್ತೊಂದರಲ್ಲಿ ಸಿಲ್ಲಿಮ್ 9-ದೊಂಗ್, ಇನ್ನೂ ಹಳೆಯದರಲ್ಲಿ ಸಿಲ್ಲಿಮ್‌ರಿ ಎಂದಿರುತ್ತದೆ. ನಾಲ್ಕೂ ಒಂದೇ ಮನೆಯ ವಿಳಾಸ ಆಗಿರಬಹುದು. ಹಾಗೇಕೆ, ಯಾವ ಕಾಗದದಲ್ಲಿ ಯಾವ ಹೆಸರನ್ನು ನಂಬಬೇಕು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಸಿಲ್ಲಿಮ್‌ದೊಂಗ್ ಎಲ್ಲಿದೆ?

ಸಿಯೋಲ್‌ನ ದಕ್ಷಿಣ ಅಂಚಿನಲ್ಲಿ, ಗ್ವಾನಕ್ ಬೆಟ್ಟದ ಬುಡದಲ್ಲಿ. ಆಡಳಿತದ ಲೆಕ್ಕದಲ್ಲಿ ಗ್ವಾನಕ್ ಗುವಿಗೆ ಸೇರಿದೆ. ಗು ಎಂದರೆ ಮಹಾನಗರದೊಳಗಿನ ದೊಡ್ಡ ಆಡಳಿತ ವಿಭಾಗ. ಸಿಯೋಲ್ ಮಹಾನಗರದಲ್ಲಿ ಇಂಥ 25 ಗುಗಳಿವೆ. ಪ್ರತಿ ಗುವಿಗೂ ಚುನಾಯಿತ ಮುಖ್ಯಸ್ಥರು, ಚುನಾಯಿತ ಪರಿಷತ್ತು ಇರುತ್ತಾರೆ. ಗ್ವಾನಕ್ ಗುವಿನ ವಿಸ್ತೀರ್ಣ 29.57 ಚದರ ಕಿಲೋಮೀಟರ್. ಅದರಲ್ಲಿ ದೊಡ್ಡ ಪಾಲು ಬೆಟ್ಟವೇ. ಜನ ಇರುವುದು ದೊರಿಮ್ ತೊರೆಯ ಎರಡೂ ದಂಡೆಗಳಲ್ಲಿ ಮತ್ತು ಅದರ ಉತ್ತರದ ದಿಬ್ಬಗಳ ಮೇಲೆ.

ದೊಂಗ್ ಎಂದರೆ ನಿಖರವಾಗಿ ಏನು? ಒಂದೇ ಜಾಗಕ್ಕೆ ಎರಡು ದೊಂಗ್ ಹೆಸರು ಹೇಗೆ ಬರುತ್ತದೆ?

ಈ ಒಂದು ಪ್ರಶ್ನೆ ಬಗೆಹರಿದರೆ ಉಳಿದ ಗೊಂದಲದಲ್ಲಿ ಮುಕ್ಕಾಲು ಪಾಲು ತಾನೇ ಕರಗುತ್ತದೆ. ದೊಂಗ್ ಎಂದರೆ ಗುವಿನೊಳಗಿನ ಬಡಾವಣೆ. ಕೊರಿಯಾದ ನಗರಗಳಲ್ಲಿ ಅದು ಎರಡು ಬಗೆ.

ಮೊದಲನೆಯದು ಬೊಪ್‌ಜೊಂಗ್ ದೊಂಗ್, ಅಂದರೆ ಕಾನೂನಿನ ದೊಂಗ್. ಜಮೀನಿನ ಖಾತೆ, ನೋಂದಣಿ ಪತ್ರ, ನ್ಯಾಯಾಲಯದ ಕಾಗದ ಎಲ್ಲದರಲ್ಲೂ ಇರುವುದು ಇದರ ಹೆಸರು. ಇದು ಹಳೆಯ ಹಳ್ಳಿಯ ಗಡಿಯನ್ನೇ ಹಿಡಿದುಕೊಂಡು ಬಂದಿದೆ, ಸುಲಭಕ್ಕೆ ಬದಲಾಗುವುದಿಲ್ಲ.

ಎರಡನೆಯದು ಹೇಂಗ್‌ಜೊಂಗ್ ದೊಂಗ್, ಅಂದರೆ ಆಡಳಿತದ ದೊಂಗ್. ಜನರಿಗೆ ಸೇವೆ ಕೊಡುವ ಕಚೇರಿಯೊಂದರ ವ್ಯಾಪ್ತಿ ಇದು. ಜನ ಹೆಚ್ಚಾದರೆ ಒಡೆಯುತ್ತಾರೆ, ಕಡಿಮೆಯಾದರೆ ಕೂಡಿಸುತ್ತಾರೆ. ಅದಕ್ಕೆ ಗುವಿನ ಉಪನಿಯಮ ಸಾಕು. ಇದರ ಕೆಳಗೆ ತೊಂಗ್, ಅದರ ಕೆಳಗೆ ಬಾನ್ ಎಂಬ ಸಣ್ಣ ಘಟಕಗಳಿವೆ. ಸಿಯೋಲ್‌ನಲ್ಲಿ ಈ ಆಡಳಿತ ದೊಂಗ್ ಪದ್ಧತಿ ಬಂದಿದ್ದು 1955ರಲ್ಲಿ.

ಇಡೀ ಗ್ವಾನಕ್ ಗುವಿನಲ್ಲಿ ಕಾನೂನಿನ ದೊಂಗ್‌ಗಳು ಮೂರೇ ಮೂರು: ಬೊಂಗ್‌ಚೊನ್‌ದೊಂಗ್, ಸಿಲ್ಲಿಮ್‌ದೊಂಗ್, ನಾಮ್‌ಹ್ಯೊನ್‌ದೊಂಗ್. ಆಡಳಿತದ ದೊಂಗ್‌ಗಳು ಮಾತ್ರ 21. ಕಾನೂನಿನ ಸಿಲ್ಲಿಮ್‌ದೊಂಗ್ ಒಂದರ ಮೇಲೆಯೇ 11 ಆಡಳಿತ ದೊಂಗ್‌ಗಳು ಹರಡಿಕೊಂಡಿವೆ. ಆ ಹನ್ನೊಂದರಲ್ಲಿ ಒಂದರ ಹೆಸರೂ ಸಿಲ್ಲಿಮ್‌ದೊಂಗ್! ಹಾಗಾಗಿ ಯಾರಾದರೂ ಸಿಲ್ಲಿಮ್‌ದೊಂಗ್ ಅಂದಾಗ ಯಾವುದರ ಮಾತು ಎಂದು ಮೊದಲು ಕೇಳಿಕೊಳ್ಳಬೇಕು.

ಯಾವ ಕಾಲದಲ್ಲಿ ಈ ಜಾಗ ಯಾರ ಆಡಳಿತದಲ್ಲಿತ್ತು?

ಜೊಸೊನ್ ರಾಜವಂಶದ ಕಾಲದಲ್ಲಿ ಇದು ಗುಮ್‌ಚೊನ್ ಸೀಮೆಯ ಹಳ್ಳಿಗಾಡು. 1795ರಲ್ಲಿ ರಾಜ ಜೊಂಗ್‌ಜೊ ಕಾಲದಲ್ಲಿ ಆ ಸೀಮೆಗೆ ಸಿಹುಂಗ್ ಎಂದು ಹೆಸರಾಯಿತು. 1895ರ ಸುಧಾರಣೆಯಲ್ಲಿ ಅದು ಗುನ್, ಅಂದರೆ ಜಿಲ್ಲೆ ಆಯಿತು. ಜಪಾನಿನ ಆಳ್ವಿಕೆಯಲ್ಲಿ 1914ರ ದೊಡ್ಡ ಮರುವಿಂಗಡಣೆಯಾದಾಗ ಪಕ್ಕದ ಗ್ವಾಚೊನ್, ಆನ್ಸಾನ್ ಸೀಮೆಗಳನ್ನೂ ಸಿಹುಂಗ್‌ಗೆ ಸೇರಿಸಿದರು. ಆಗ ಸಿಲ್ಲಿಮ್‌ನ ಪೂರ್ಣ ವಿಳಾಸ ಗ್ಯೊಂಗ್‌ಗಿ ಪ್ರಾಂತ, ಸಿಹುಂಗ್ ಗುನ್, ದೊಂಗ್ ಮ್ಯೊನ್, ಸಿಲ್ಲಿಮ್‌ರಿ. ಇಲ್ಲಿ ರಿ ಎಂದರೆ ಹಳ್ಳಿ, ಮ್ಯೊನ್ ಎಂದರೆ ಹೋಬಳಿಯಷ್ಟು ದೊಡ್ಡ ಘಟಕ. ದೊಂಗ್ ಮ್ಯೊನ್‌ನಲ್ಲಿರುವ ದೊಂಗ್ ಬಡಾವಣೆಯಲ್ಲ, ಆ ಘಟಕದ ಹೆಸರು.

1963ರ ಜನವರಿ 1ರಂದು ಸಿಯೋಲ್ ತನ್ನ ಗಡಿಯನ್ನು ಒಮ್ಮೆಗೇ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿಕೊಂಡಿತು. ಸುತ್ತಲಿನ ಜಿಲ್ಲೆಗಳ ಹತ್ತಾರು ಹಳ್ಳಿಗಳು ನಗರದೊಳಗೆ ಬಂದವು. ಸಿಲ್ಲಿಮ್‌ರಿ ಅವತ್ತಿನಿಂದ ಯೊಂಗ್‌ದುಂಗ್‌ಪೊ ಗುವಿನ ಸಿಲ್ಲಿಮ್‌ದೊಂಗ್. ನೆರೆಯ ಬೊಂಗ್‌ಚೊನ್‌ರಿಯದೂ ಇದೇ ಕತೆ.

1973ರ ಜುಲೈ 1ರಂದು ಯೊಂಗ್‌ದುಂಗ್‌ಪೊ ಗುವನ್ನು ಒಡೆದು ಗ್ವಾನಕ್ ಗು ಮಾಡಿದರು. ಆಗಿನ ಗ್ವಾನಕ್ ಗು ಈಗಿನದಕ್ಕಿಂತ ಬಹಳ ದೊಡ್ಡದು, ಇಂದಿನ ದೊಂಗ್‌ಜಾಕ್ ಗುವಿನ ಬಹುಭಾಗ ಅದರೊಳಗೇ ಇತ್ತು. 1980ರ ಏಪ್ರಿಲ್ 1ರಂದು ದೊಂಗ್‌ಜಾಕ್ ಗು ಬೇರೆಯಾಯಿತು. ಆಗ ಸಾದಂಗ್‌ದೊಂಗ್ ದೊಂಗ್‌ಜಾಕ್‌ಗೆ ಹೋಯಿತು. ಅದರ ಬೆಟ್ಟದ ಕಡೆಯ ತುಂಡು ನಾಮ್‌ಹ್ಯೊನ್‌ದೊಂಗ್ ಎಂಬ ಹೊಸ ಹೆಸರಿನಲ್ಲಿ ಗ್ವಾನಕ್‌ನಲ್ಲೇ ಉಳಿಯಿತು. 1988ರ ಮೇ 1ರಿಂದ ಸಿಯೋಲ್‌ನ ಗುಗಳಿಗೆ ಸ್ವಾಯತ್ತ ಸ್ಥಾನ ಬಂತು. ಗು ಪರಿಷತ್ತುಗಳಿಗೆ 1991ರಲ್ಲಿ, ಗು ಮುಖ್ಯಸ್ಥರ ಸ್ಥಾನಕ್ಕೆ 1995ರಲ್ಲಿ ಚುನಾವಣೆ ನಡೆಯಿತು.

ಹಳೆಯ ಕಾಗದ ಕೈಗೆ ಸಿಕ್ಕರೆ ಅದರ ಕಾಲವನ್ನು ವಿಳಾಸದಿಂದಲೇ ಹೇಳಬಹುದು. ಸಿಹುಂಗ್ ಗುನ್ ಎಂದಿದ್ದರೆ 1963ಕ್ಕಿಂತ ಹಿಂದಿನದು. ಯೊಂಗ್‌ದುಂಗ್‌ಪೊ ಗು ಸಿಲ್ಲಿಮ್‌ದೊಂಗ್ ಎಂದಿದ್ದರೆ 1963ರಿಂದ 1973ರ ನಡುವಿನದು. ಗ್ವಾನಕ್ ಗು ಎಂದಿದ್ದರೆ ಅದರ ನಂತರದ್ದು. ಸಿಲ್ಲಿಮ್ 9-ದೊಂಗ್ ಎಂಬಂತೆ ಸಿಲ್ಲಿಮ್ ಹೆಸರಿನ ಪಕ್ಕದಲ್ಲಿ 1ರಿಂದ 13ರ ನಡುವಿನ ಯಾವುದಾದರೂ ಸಂಖ್ಯೆ ಇದ್ದರೆ 2008ರ ಸೆಪ್ಟೆಂಬರ್‌ಗಿಂತ ಮುಂಚಿನದು ಎಂದು ಕಣ್ಣುಮುಚ್ಚಿ ಹೇಳಬಹುದು.

ಸಿಹುಂಗ್ ಎಂಬ ನಗರ ಈಗಲೂ ಇದೆಯಲ್ಲ, ಹಳೆಯ ದಾಖಲೆ ಅಲ್ಲಿ ಸಿಗುತ್ತದೆಯೇ?

ಇಲ್ಲ. ಬಹಳ ಜನ ದಾರಿ ತಪ್ಪುವುದು ಇಲ್ಲೇ. ಇಂದಿನ ಸಿಹುಂಗ್ ನಗರ ಪಶ್ಚಿಮದಲ್ಲಿ, ಹಳದಿ ಸಮುದ್ರದ ದಂಡೆಯಲ್ಲಿದೆ. ಸಿಹುಂಗ್ ಗುನ್ ಎಂಬ ಜಿಲ್ಲೆಯ ಭಾಗಗಳು ಒಂದೊಂದಾಗಿ ಕಳಚಿಕೊಂಡು, ಕೊನೆಗೆ ಉಳಿದದ್ದು 1989ರ ಜನವರಿ 1ರಂದು ಸಿಹುಂಗ್, ಗುನ್‌ಪೊ, ಉಯ್‌ವಾಂಗ್ ಎಂಬ ಮೂರು ನಗರಗಳಾಗಿ ಒಡೆಯಿತು. ಜಿಲ್ಲೆಯ ಹೆಸರು ಸಮುದ್ರದ ಕಡೆಯ ತುಂಡಿಗೆ ಹೋಯಿತು. ಹಳೆಯ ಸಿಹುಂಗ್ ಸೀಮೆಯ ಕೇಂದ್ರವಾಗಿದ್ದ ಊರು ಈಗ ಸಿಯೋಲ್‌ನೊಳಗೇ, ಗುಮ್‌ಚೊನ್ ಗುವಿನ ಸಿಹುಂಗ್‌ದೊಂಗ್ ಆಗಿದೆ. ಸಿಲ್ಲಿಮ್‌ನ ಜಮೀನು ದಾಖಲೆ ಬೇಕಿದ್ದರೆ ಹೋಗಬೇಕಾದದ್ದು ಗ್ವಾನಕ್ ಗು ಕಚೇರಿಗೆ.

ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಸಿಹುಂಗ್ ನಗರದಲ್ಲಿ ಇನ್ನೊಂದು ಕ್ಯಾಂಪಸ್ ಇರುವುದರಿಂದ ವಿದ್ಯಾರ್ಥಿಗಳಿಗೂ ಈ ಹೆಸರು ತೊಡಕು ತರುತ್ತದೆ. ಪ್ರವೇಶ ಪತ್ರದಲ್ಲಿ ಯಾವ ಕ್ಯಾಂಪಸ್ ಎಂದು ನೋಡಿಕೊಂಡೇ ಕೋಣೆ ಗೊತ್ತು ಮಾಡಿ.

ಸಿಲ್ಲಿಮ್ 1ರಿಂದ ಸಿಲ್ಲಿಮ್ 13ರವರೆಗೆ ಸಂಖ್ಯೆ ಬಂದದ್ದು ಯಾಕೆ?

ಜನ ತುಂಬಿದ ವೇಗ. 1960ರ ದಶಕದಲ್ಲಿ ಸಿಯೋಲ್‌ನ ನಡುವಿನ ಜೋಪಡಿಗಳನ್ನು ಕೆಡವಿ, ಅಲ್ಲಿದ್ದವರನ್ನು ನಗರದ ಅಂಚಿನ ಸರ್ಕಾರಿ ಬೆಟ್ಟದ ಜಾಗಗಳಿಗೆ ಸಾಗಿಸಿದರು. ಸಿಲ್ಲಿಮ್, ಬೊಂಗ್‌ಚೊನ್‌ಗಳ ಇಳಿಜಾರುಗಳು ಅಂಥ ಜಾಗಗಳು. ನಾನ್‌ಗೊಕ್ ಕಣಿವೆಯ ಗುಡಿಸಲು ಬಡಾವಣೆ ಹುಟ್ಟಿದ್ದು ಆ ದಶಕದ ಕೊನೆಯಲ್ಲಿ, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದ್ದು 2000ದ ದಶಕದಲ್ಲಿ. ಬಂದವರ ಪಾಲಿಗೆ ಸಿಕ್ಕಿದ್ದು ಗೆರೆ ಹಾಕಿದ ಬರಿ ನೆಲ. ನೀರು, ರಸ್ತೆ ಬಂದದ್ದು ನಿಧಾನವಾಗಿ. ಈ ಬಡಾವಣೆಯ ಇತಿಹಾಸವನ್ನು ಕೇವಲ ಗಡಿಗಳ ಪಟ್ಟಿಯಾಗಿ ಓದಬಾರದು ಎನ್ನುವುದು ಇದಕ್ಕೇ. ಒಂದೊಂದು ಹೊಸ ಸಂಖ್ಯೆಯ ಹಿಂದೆಯೂ ಬೇರೆ ಕಡೆಯಿಂದ ಎಬ್ಬಿಸಿ ತಂದ ಸಾವಿರಾರು ಸಂಸಾರಗಳಿವೆ.

1975ರಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ನಗರದ ಮಧ್ಯದಿಂದ ಗ್ವಾನಕ್ ಬೆಟ್ಟದ ಬುಡಕ್ಕೆ ಬಂತು. ಮೊದಲು ಅಲ್ಲಿದ್ದದ್ದು ಗಾಲ್ಫ್ ಮೈದಾನ. 1980ರ ದಶಕದಲ್ಲಿ ಮೆಟ್ರೊ 2ನೇ ಮಾರ್ಗ ಬಂತು, ಸಿಲ್ಲಿಮ್ ನಿಲ್ದಾಣ ತೆರೆದದ್ದು 1984ರಲ್ಲಿ. ಜನ ಹೆಚ್ಚಿದಂತೆಲ್ಲ ದೊಂಗ್ ಕಚೇರಿ ಸಾಲದೆ ಒಡೆಯುತ್ತಾ ಹೋದರು. ಒಡೆದಾಗ ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ, ಮುಂದಿನ ಸಂಖ್ಯೆ ಕೊಟ್ಟರು. ಮೂಲ ಕಚೇರಿ ಇದ್ದ ಭಾಗಕ್ಕೆ ಬೊನ್ ಎಂಬ ಗುರುತು ಇತ್ತು. ಹೀಗೆ ಸಿಲ್ಲಿಮ್‌ನಲ್ಲಿ ಬೊನ್ ಸೇರಿ 14, ಬೊಂಗ್‌ಚೊನ್‌ನಲ್ಲಿ ಬೊನ್ ಸೇರಿ 12, ನಾಮ್‌ಹ್ಯೊನ್ ಒಂದು, ಒಟ್ಟು 27 ಆದವು. ಸಂಖ್ಯೆಗಳು ಭೂಪಟದ ಮೇಲೆ ಸಾಲಾಗಿ ಇರಲಿಲ್ಲ. 5ರ ಪಕ್ಕದಲ್ಲಿ 6 ಇರಬೇಕು ಎಂದು ಹೊರಟರೆ ತಪ್ಪುತ್ತೀರಿ.

2008ರಲ್ಲಿ ಯಾವ ಸಂಖ್ಯೆಗೆ ಯಾವ ಹೆಸರು ಬಂತು?

2008ರ ಸೆಪ್ಟೆಂಬರ್‌ನಲ್ಲಿ ಗ್ವಾನಕ್ ಗು 27 ಆಡಳಿತ ದೊಂಗ್‌ಗಳನ್ನು 21ಕ್ಕೆ ಇಳಿಸಿತು. ಆಗ ಸಿಯೋಲ್‌ನಾದ್ಯಂತ ಸಣ್ಣ ದೊಂಗ್‌ಗಳನ್ನು ಕೂಡಿಸುವ ಕೆಲಸ ನಡೆಯುತ್ತಿತ್ತು. ಗ್ವಾನಕ್ ಅದರ ಜೊತೆಗೆ ಸಂಖ್ಯೆಗಳನ್ನೂ ಪೂರ್ತಿ ತೆಗೆದುಹಾಕಿತು.

ಸಿಲ್ಲಿಮ್ ಕಡೆ:
- ಸಿಲ್ಲಿಮ್ ಬೊನ್ → ಸೊವೊನ್‌ದೊಂಗ್
- 1 → ಸಿನ್‌ವೊನ್‌ದೊಂಗ್
- 2 → ಸೊರಿಮ್‌ದೊಂಗ್
- 3 ಮತ್ತು 13 → ನಾನ್‌ಗೊಕ್‌ದೊಂಗ್
- 4 → ಸಿನ್ಸಾದೊಂಗ್
- 5 → ಸಿಲ್ಲಿಮ್‌ದೊಂಗ್
- 6 ಮತ್ತು 10 → ಸಾಮ್‌ಸೊಂಗ್‌ದೊಂಗ್
- 7 → ನಾನ್‌ಹ್ಯಾಂಗ್‌ದೊಂಗ್
- 8 → ಜೊವೊನ್‌ದೊಂಗ್
- 9 → ದೇಹಾಕ್‌ದೊಂಗ್
- 11 ಮತ್ತು 12 → ಮಿಸೊಂಗ್‌ದೊಂಗ್

ಬೊಂಗ್‌ಚೊನ್ ಕಡೆ:
- ಬೊಂಗ್‌ಚೊನ್ ಬೊನ್ ಮತ್ತು 9 → ಉನ್‌ಚೊನ್‌ದೊಂಗ್
- 1 → ಬೊರಾಮೇದೊಂಗ್
- 2 ಮತ್ತು 5 → ಸೊಂಗ್‌ಹ್ಯೊನ್‌ದೊಂಗ್
- 3 → ಚೊಂಗ್‌ನಿಮ್‌ದೊಂಗ್
- 4 ಮತ್ತು 8 → ಚೊಂಗ್‌ನ್ಯೊಂಗ್‌ದೊಂಗ್
- 6 → ಹೇಂಗ್‌ಉನ್‌ದೊಂಗ್
- 7 → ನಕ್‌ಸೊಂಗ್‌ದೇದೊಂಗ್
- 10 → ಜುಂಗಂಗ್‌ದೊಂಗ್
- 11 → ಇನ್‌ಹೊನ್‌ದೊಂಗ್

ನಾಮ್‌ಹ್ಯೊನ್‌ದೊಂಗ್ ಹೆಸರು ಹಾಗೇ ಉಳಿಯಿತು.

ಗಮನಿಸಿ: ಇವತ್ತಿನ ಆಡಳಿತ ಸಿಲ್ಲಿಮ್‌ದೊಂಗ್ ಎಂದರೆ ಹಿಂದಿನ ಸಿಲ್ಲಿಮ್ 5 ಮಾತ್ರ. ಮೂಲ ಕಚೇರಿ ಇದ್ದ ಭಾಗ ಸೊವೊನ್‌ದೊಂಗ್ ಆಗಿದೆ. 2008ಕ್ಕಿಂತ ಹಿಂದಿನ ಅಂಕಿಅಂಶವನ್ನು ಈಗಿನದಕ್ಕೆ ಹೋಲಿಸುವವರು ಹೆಸರು ನೋಡಿ ಜೋಡಿಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಮೇಲಿನ ಪಟ್ಟಿಯಂತೆ ಹಳೆಯ ಸಂಖ್ಯೆಗಳನ್ನು ಮೊದಲು ಕೂಡಿಸಿ, ಆಮೇಲೆ ಹೋಲಿಸಿ.

ಹೆಸರು ಬದಲಿಸಿದ್ದಕ್ಕೆ ಬೇರೆ ಗುಗಳು ಕೋರ್ಟಿಗೆ ಹೋಗಿದ್ದು ನಿಜವೇ?

ನಿಜ, ಅದೂ ಸಂವಿಧಾನ ನ್ಯಾಯಾಲಯಕ್ಕೆ. ಸಿನ್ಸಾದೊಂಗ್, ಸಾಮ್‌ಸೊಂಗ್‌ದೊಂಗ್ ಎಂಬ ಹೆಸರುಗಳು ಗಂಗ್ನಮ್ ಗುವಿನಲ್ಲಿ ಮೊದಲೇ ಇದ್ದವು, ಅವು ಸಿಯೋಲ್‌ನ ದುಬಾರಿ ಬಡಾವಣೆಗಳು. ನಮ್ಮ ಹೆಸರನ್ನು ಬಳಸಿಕೊಂಡರೆ ಜನರಿಗೆ ಗೊಂದಲ ಎಂದು ಗಂಗ್ನಮ್ ತಕರಾರು ಎತ್ತಿತು. ಬೊರಾಮೇ ಹೆಸರಿಗೆ ದೊಂಗ್‌ಜಾಕ್ ಗು ತಕರಾರು ತೆಗೆಯಿತು, ಏಕೆಂದರೆ ಬೊರಾಮೇ ಉದ್ಯಾನ ಇರುವುದು ದೊಂಗ್‌ಜಾಕ್‌ನಲ್ಲಿ. ವಾಯುಪಡೆಯ ಅಕಾಡೆಮಿ ಅಲ್ಲಿಂದ ಹೋದ ಮೇಲೆ ಆ ಜಾಗ 1986ರಲ್ಲಿ ಉದ್ಯಾನವಾಗಿತ್ತು.

2009ರಲ್ಲಿ ನ್ಯಾಯಾಲಯ ಎರಡೂ ಅರ್ಜಿಗಳನ್ನು ವಿಚಾರಣೆಗೆ ಯೋಗ್ಯವಲ್ಲ ಎಂದು ತಳ್ಳಿಹಾಕಿತು. ಆಡಳಿತ ದೊಂಗ್‌ನ ಹೆಸರಿನ ಮೇಲೆ ಯಾವುದೇ ಗುವಿಗೆ ಏಕಸ್ವಾಮ್ಯ ಇಲ್ಲ, ಇನ್ನೊಂದು ಗು ಅದೇ ಹೆಸರು ಇಟ್ಟುಕೊಂಡರೆ ಮೊದಲ ಗುವಿನ ಅಧಿಕಾರಕ್ಕೆ ಚ್ಯುತಿ ಬರುವುದಿಲ್ಲ ಎನ್ನುವುದು ಅದರ ನಿಲುವು. ನಮಗೂ ಇದು ಸರಿಯಾದ ತೀರ್ಪೇ ಅನಿಸುತ್ತದೆ. ಉನ್‌ಪ್ಯೊಂಗ್ ಗುವಿನಲ್ಲಿ ಆಗಲೇ ಇನ್ನೊಂದು ಸಿನ್ಸಾದೊಂಗ್ ಇತ್ತು, ಅದರ ಬಗ್ಗೆ ಯಾರೂ ಜಗಳ ತೆಗೆದಿರಲಿಲ್ಲ. ಗ್ವಾನಕ್‌ನ ಸಾಮ್‌ಸೊಂಗ್ ಹೆಸರಿಗೂ ಆಧಾರವಿದೆ: ಗುವಿನ ದಕ್ಷಿಣದ ಬೆಟ್ಟದ ಹೆಸರೇ ಸಾಮ್‌ಸೊಂಗ್. ಬಡತನದ ಗುರುತಾಗಿದ್ದ ಸಂಖ್ಯೆಗಳನ್ನು ಕಳಚಿಕೊಳ್ಳುವ ಹಕ್ಕು ಅಲ್ಲಿನ ಜನರಿಗಿತ್ತು.

ವ್ಯವಹಾರದಲ್ಲಿ ಮಾತ್ರ ಎಚ್ಚರ ಬೇಕು. ಟ್ಯಾಕ್ಸಿಯವರಿಗೆ ಬರೀ ಸಿನ್ಸಾದೊಂಗ್ ಎಂದರೆ ಗಂಗ್ನಮ್‌ಗೆ ಕರೆದೊಯ್ಯುತ್ತಾರೆ. ಗುವಿನ ಹೆಸರು ಸೇರಿಸಿ ಹೇಳಿ, ಅದಕ್ಕಿಂತ ರಸ್ತೆ ವಿಳಾಸ ತೋರಿಸುವುದು ಒಳ್ಳೆಯದು.

ಉಳಿದ ಹೊಸ ಹೆಸರುಗಳು ಎಲ್ಲಿಂದ ಬಂದವು?

ಮೂರು ಹೆಸರುಗಳು ಒಬ್ಬನೇ ವ್ಯಕ್ತಿಗೆ ಸೇರಿದವು: ಗೊರ್ಯೊ ರಾಜ್ಯದ ಸೇನಾನಿ ಗಾಂಗ್ ಗಾಮ್‌ಚಾನ್. 1019ರಲ್ಲಿ ಗ್ವಿಜು ಯುದ್ಧದಲ್ಲಿ ಖಿತಾನ್ ಸೇನೆಯನ್ನು ಸೋಲಿಸಿದವನು. ಅವನು ಹುಟ್ಟಿದ ಜಾಗ ನಕ್‌ಸೊಂಗ್‌ದೇ, ಬಾಲ್ಯದ ಹೆಸರು ಉನ್‌ಚೊನ್, ಸತ್ತ ಮೇಲೆ ಕೊಟ್ಟ ಬಿರುದು ಇನ್‌ಹೊನ್. ದೇಹಾಕ್‌ದೊಂಗ್ ಹೆಸರು ಬಂದದ್ದು ಪಕ್ಕದ ವಿಶ್ವವಿದ್ಯಾಲಯದಿಂದ.

ಪರೀಕ್ಷೆ ಬರೆಯುವವರ ಬೀದಿ ಎಂದು ಹೆಸರಾದದ್ದು ಯಾವ ದೊಂಗ್?

ಗೊಸಿಚೊನ್ ಎಂದು ಕರೆಯುವ ಆ ಜಾಗ ಹಳೆಯ ಸಿಲ್ಲಿಮ್ 9 ಮತ್ತು 2, ಈಗಿನ ದೇಹಾಕ್‌ದೊಂಗ್ ಮತ್ತು ಸೊರಿಮ್‌ದೊಂಗ್. ನ್ಯಾಯಾಂಗ ಪರೀಕ್ಷೆಗೆ ಕೂರುವವರು ಸಣ್ಣ ಸಣ್ಣ ಕೋಣೆಗಳಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. 2009ರಲ್ಲಿ ಕಾನೂನು ಪದವಿ ಶಾಲೆಗಳು ಶುರುವಾದವು, 2017ಕ್ಕೆ ಆ ಪರೀಕ್ಷೆ ನಿಂತುಹೋಯಿತು. ಕೋಣೆಗಳು ಉಳಿದಿವೆ, ಬಾಡಿಗೆದಾರರು ಬದಲಾಗಿದ್ದಾರೆ.

ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ಯಾವ ದೊಂಗ್‌ನಲ್ಲಿದೆ? ಅದೇ ಹೆಸರಿನ ಮೆಟ್ರೊ ನಿಲ್ದಾಣ ದೂರವಿದೆಯಲ್ಲ?

ಮುಖ್ಯ ದ್ವಾರದ ವಿಳಾಸ ಗ್ವಾನಕ್‌ರೊ 1, ಕಾನೂನಿನ ಸಿಲ್ಲಿಮ್‌ದೊಂಗ್. 2ನೇ ಮಾರ್ಗದಲ್ಲಿ ವಿಶ್ವವಿದ್ಯಾಲಯದ ಹೆಸರು ಹೊತ್ತಿರುವ ನಿಲ್ದಾಣ ಇರುವುದು ಬೊಂಗ್‌ಚೊನ್‌ದೊಂಗ್‌ನಲ್ಲಿ. ಅಲ್ಲಿಂದ ದ್ವಾರಕ್ಕೆ ಹೆಚ್ಚುಕಡಿಮೆ 2 ಕಿಲೋಮೀಟರ್ ಏರುದಾರಿ, ಬಸ್ಸೇ ಗತಿ. 2022ರ ಮೇ 28ರಂದು ಶುರುವಾದ ಸಿಲ್ಲಿಮ್ ಲಘು ರೈಲು ಮಾರ್ಗದ ಕೊನೆಯ ನಿಲ್ದಾಣ ಗ್ವಾನಕ್‌ಸಾನ್. ದ್ವಾರಕ್ಕೆ ಅದೇ ಹತ್ತಿರ. ಆ ಮಾರ್ಗ 7.8 ಕಿಲೋಮೀಟರ್, 11 ನಿಲ್ದಾಣ.

ರಸ್ತೆ ವಿಳಾಸ ಬಂದ ಮೇಲೆ ದೊಂಗ್ ಹೆಸರು ಬೇಕೇ?

2014ರ ಜನವರಿ 1ರಿಂದ ಸರ್ಕಾರಿ ಕೆಲಸಕ್ಕೆ ರಸ್ತೆ ವಿಳಾಸವೇ ಕಡ್ಡಾಯ. ದೊಂಗ್ ಹೆಸರನ್ನು ಕೊನೆಯಲ್ಲಿ ಆವರಣದಲ್ಲಿ ಬರೆಯುತ್ತಾರೆ, ಅಲ್ಲಿ ಬರುವುದು ಕಾನೂನಿನ ದೊಂಗ್ ಮಾತ್ರ. ದೇಹಾಕ್‌ದೊಂಗ್‌ನಲ್ಲಿ ಇರುವವರ ವಿಳಾಸದಲ್ಲೂ ಆವರಣದಲ್ಲಿ ಸಿಲ್ಲಿಮ್‌ದೊಂಗ್ ಎಂದೇ ಇರುತ್ತದೆ. ಅದು ತಪ್ಪಲ್ಲ, ತಿದ್ದಿಸಲು ಹೋಗಬೇಡಿ.

ಈ ಪದ್ಧತಿಯಲ್ಲಿ ಸಂಖ್ಯೆಯಿಂದಲೇ ದೂರ ತಿಳಿಯುತ್ತದೆ. ರಸ್ತೆಯ ಆರಂಭದಿಂದ ಪ್ರತಿ 20 ಮೀಟರಿಗೆ ಎರಡು ಸಂಖ್ಯೆ: ಎಡಕ್ಕೆ ಬೆಸ, ಬಲಕ್ಕೆ ಸಮ. ರಸ್ತೆಗಳ ಎಣಿಕೆ ಪಶ್ಚಿಮದಿಂದ ಪೂರ್ವಕ್ಕೆ, ದಕ್ಷಿಣದಿಂದ ಉತ್ತರಕ್ಕೆ. ಗ್ವಾನಕ್ ಗು ಕಚೇರಿಯ ವಿಳಾಸ ಗ್ವಾನಕ್‌ರೊ 145. 145 ಅನ್ನು 10ರಿಂದ ಗುಣಿಸಿದರೆ 1,450. ಅಂದರೆ ಗ್ವಾನಕ್‌ರೊ ಶುರುವಾಗುವ ವಿಶ್ವವಿದ್ಯಾಲಯದ ಕಡೆಯಿಂದ ಉತ್ತರಕ್ಕೆ ಸುಮಾರು 1.45 ಕಿಲೋಮೀಟರ್ ಹೋದರೆ ಎಡಗಡೆಗೆ ಗು ಕಚೇರಿ.

ಈ ಲೆಕ್ಕ ಕೆಲಸ ಮಾಡದ ಒಂದು ಕಡೆ ಇದೆ. ರಸ್ತೆ ಹೆಸರಿನ ನಂತರ ಸಂಖ್ಯೆ, ಅದರ ನಂತರ ಗಿಲ್ ಎಂದಿದ್ದರೆ ಆ ಸಂಖ್ಯೆ ಅಡ್ಡರಸ್ತೆಯ ಕ್ರಮಸಂಖ್ಯೆ, ಅದನ್ನು 10ರಿಂದ ಗುಣಿಸಬಾರದು. ಸಿಯೋಲ್‌ನಲ್ಲಿ ಅಡ್ಡರಸ್ತೆಗಳಿಗೆ ಸಾಮಾನ್ಯವಾಗಿ ಹೀಗೇ ಹೆಸರಿಟ್ಟಿದ್ದಾರೆ. ಗಿಲ್ ನಂತರ ಬರುವ ಮನೆ ಸಂಖ್ಯೆಗೆ ಮಾತ್ರ ಗುಣಾಕಾರ ಹೊಂದುತ್ತದೆ. ದೇರೊ ಎಂದರೆ 40 ಮೀಟರ್ ಅಥವಾ 8 ಲೇನ್‌ಗಿಂತ ಕಡಿಮೆಯಿಲ್ಲದ ಹೆದ್ದಾರಿ, ರೊ ಎಂದರೆ ಅದಕ್ಕಿಂತ ಚಿಕ್ಕದು, ಗಿಲ್ ಎಂದರೆ ಅದಕ್ಕೂ ಕಿರಿದು.

ಒಂದು ನಿವೇಶನದ ಹಳೆಯ ದಾಖಲೆಯನ್ನು 1910ರ ದಶಕದವರೆಗೆ ಹಿಂದಕ್ಕೆ ಹುಡುಕುವುದು ಹೇಗೆ?

ಆಧಾರ ಜಿಬೊನ್, ಅಂದರೆ ನಮ್ಮಲ್ಲಿ ಸರ್ವೆ ನಂಬರ್ ಎನ್ನುವುದು. 1910ರಿಂದ 1918ರವರೆಗೆ ನಡೆದ ಭೂ ಸರ್ವೆಯಲ್ಲಿ ಹಳ್ಳಿ ಹಳ್ಳಿಗೂ 1ರಿಂದ ಸಂಖ್ಯೆ ಕೊಟ್ಟರು. ಹಳ್ಳಿ ದೊಂಗ್ ಆದರೂ, ಗು ಬದಲಾದರೂ ಸಂಖ್ಯೆ ಬದಲಾಗಲಿಲ್ಲ. ಜಮೀನು ಪೋಡಿ ಆದಾಗ ಹಿಸ್ಸಾ ಸಂಖ್ಯೆ ಸೇರುತ್ತದೆ: 100 ಒಡೆದರೆ 100-1, 100-2 ಹೀಗೆ.

ಮೊದಲು ರಸ್ತೆ ವಿಳಾಸವನ್ನು ಸರ್ಕಾರದ ವಿಳಾಸ ಜಾಲತಾಣದಲ್ಲಿ ಹಾಕಿ ಜಿಬೊನ್ ಪಡೆಯಿರಿ. ಸಂಖ್ಯೆಯ ಹಿಂದೆ ಸಾನ್ ಎಂದಿದೆಯೇ ನೋಡಿ. ಸಾನ್ ಇದ್ದರೆ ಅದು ಬೆಟ್ಟ–ಕಾಡಿನ ಜಮೀನು, ಅದರ ಖಾತೆ ಬೇರೆ: ಇಮ್ಯಾ ದೇಜಾಂಗ್. ಸಾನ್ ಇಲ್ಲದಿದ್ದರೆ ತೊಜಿ ದೇಜಾಂಗ್. ಸಿಲ್ಲಿಮ್‌ದೊಂಗ್ 56-1 ಮತ್ತು ಸಿಲ್ಲಿಮ್‌ದೊಂಗ್ ಸಾನ್ 56-1 ಪೂರ್ತಿ ಬೇರೆ ಬೇರೆ ಜಾಗ. ಎರಡನೆಯದು ವಿಶ್ವವಿದ್ಯಾಲಯದ ಹಳೆಯ ವಿಳಾಸ. ಅರ್ಜಿಯಲ್ಲಿ ಸಾನ್ ಬಿಟ್ಟರೆ ಬೇರೆಯವರ ಖಾತೆ ಕೈಗೆ ಬರುತ್ತದೆ.

ಈಗಿನ ಖಾತೆ ಜೊಂಗ್‌ಬು 24 ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನ ಕೈಬರಹದ ಖಾತೆಯನ್ನು ಗು ಕಚೇರಿಯ ಭೂದಾಖಲೆ ಕೌಂಟರ್‌ನಲ್ಲಿ ಹಳೆಯ ತೊಜಿ ದೇಜಾಂಗ್ ಬೇಕು ಎಂದು ಬಿಡಿಸಿ ಕೇಳಬೇಕು. ಬರೀ ಖಾತೆ ಎಂದರೆ ಇಂದಿನದನ್ನೇ ಕೊಡುತ್ತಾರೆ. ಮಾಲೀಕತ್ವ, ಅಡಮಾನ ತಿಳಿಯಲು ನೋಂದಣಿ ಪತ್ರ ನೋಡಬೇಕು. ನ್ಯಾಯಾಲಯದ ಇಂಟರ್‌ನೆಟ್ ನೋಂದಣಿ ಕಚೇರಿಯಲ್ಲಿ ಬರೀ ನೋಡಲು 700 ವೊನ್, ಅಧಿಕೃತ ಪ್ರತಿಗೆ 1,000 ವೊನ್. ಮುಚ್ಚಿದ ಹಳೆಯ ನೋಂದಣಿ ಪುಟಗಳನ್ನು ಬೇರೆಯಾಗಿ ಕೇಳಬೇಕು. ಮೂಲ ಸರ್ವೆ ನಕ್ಷೆಗಳನ್ನು ರಾಷ್ಟ್ರೀಯ ದಾಖಲಾಗಾರ ಇಟ್ಟಿದೆ.

ಸರಪಳಿ ಕಡಿಯುವುದು ಹೆಚ್ಚಾಗಿ ಎರಡು ಕಡೆ. ಜಮೀನು ಮರುವಿಂಗಡಣೆ ಯೋಜನೆ ಅಥವಾ ಪುನರಭಿವೃದ್ಧಿ ನಡೆದ ಕಡೆ ಹಳೆಯ ಸಂಖ್ಯೆಗಳನ್ನು ರದ್ದು ಮಾಡಿ ಹೊಸದಾಗಿ ಕೊಟ್ಟಿರುತ್ತಾರೆ. ಆಗ ಹೊಸ ಸಂಖ್ಯೆಯಿಂದ ಹಿಂದಕ್ಕೆ ಹೋದರೆ ಗೋಡೆ ಎದುರಾಗುತ್ತದೆ, ಹಳೆಯ–ಹೊಸ ಸಂಖ್ಯೆಗಳ ಹೊಂದಾಣಿಕೆ ಪಟ್ಟಿ ಕೇಳಿ ಪಡೆಯಬೇಕು. ಇನ್ನೊಂದು ಕೊರಿಯಾ ಯುದ್ಧ. ದೇಶದ ಅನೇಕ ಕಡೆ ಖಾತೆಗಳು ಸುಟ್ಟುಹೋಗಿ ಆಮೇಲೆ ಮತ್ತೆ ಬರೆದರು. ಖಾತೆಯಲ್ಲಿ ಬೊಕ್‌ಗು ಎಂಬ ಷರಾ ಕಂಡರೆ ಅದು ಮರುಸ್ಥಾಪಿಸಿದ ನಮೂದು. ಅದಕ್ಕಿಂತ ಹಿಂದಿನ ಮಾಲೀಕರ ಸಾಲುಗಳು ಅಲ್ಲಿ ಇರದಿರಬಹುದು.

ಹಳೆಯ ಖಾತೆಯ ಇಸವಿ, ಅಳತೆ ಅರ್ಥವಾಗುವುದಿಲ್ಲ. ಹೇಗೆ ಓದುವುದು?

ಜಪಾನಿನ ಕಾಲದ ನಮೂದುಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ ಇರುತ್ತದೆ. ಮೇಜಿ ವರ್ಷಕ್ಕೆ 1867, ತೈಶೊ ವರ್ಷಕ್ಕೆ 1911, ಶೋವಾ ವರ್ಷಕ್ಕೆ 1925 ಕೂಡಿಸಿ. ತೈಶೊ 3 ಎಂದರೆ 1914. ಸ್ವಾತಂತ್ರ್ಯದ ನಂತರ 1948ರಿಂದ 1961ರ ಕೊನೆಯವರೆಗೆ ದಾಂಗಿ ಎಂಬ ಕೊರಿಯಾದ್ದೇ ಶಕೆ ಬಳಕೆಯಲ್ಲಿತ್ತು. ಅದರಿಂದ 2333 ಕಳೆಯಬೇಕು, ಹಾಗಾಗಿ 4288 ಎಂದರೆ 1955. ಸಿಲ್ಲಿಮ್‌ನ ಖಾತೆಯಲ್ಲಿ ದಾಂಗಿ ವರ್ಷ ಇದ್ದರೆ ಅದರ ಜೊತೆ ಸಿಹುಂಗ್ ಗುನ್ ಎಂದೇ ಇರಬೇಕು. ಸಿಯೋಲ್ ಎಂದಿದ್ದರೆ ಆ ಪ್ರತಿಯನ್ನು ಅನುಮಾನದಿಂದ ನೋಡಿ, ವಿಳಾಸದ ಸಾಲನ್ನು ಆಮೇಲೆ ತಿದ್ದಿರಬಹುದು.

ಅಳತೆ ಪ್ಯೊಂಗ್‌ನಲ್ಲಿ: 1 ಪ್ಯೊಂಗ್ ಎಂದರೆ 3.3058 ಚದರ ಮೀಟರ್. ಕಾಡಿನ ಖಾತೆಯಲ್ಲಿ ಜೊಂಗ್, ದಾನ್, ಮು ಎಂದಿರುತ್ತದೆ. 1 ಜೊಂಗ್ = 10 ದಾನ್ = 100 ಮು = 3,000 ಪ್ಯೊಂಗ್, ಹತ್ತಿರ ಹತ್ತಿರ 1 ಹೆಕ್ಟೇರ್. ಹೆಸರುಗಳು, ಷರಾಗಳು ಚೀನೀ ಲಿಪಿಯಲ್ಲಿವೆ. ಕೊರಿಯಾದ ಇಂದಿನ ತರುಣರಲ್ಲಿ ಬಹಳ ಜನ ಅದನ್ನು ಸರಾಗವಾಗಿ ಓದಲಾರರು, ಓದಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ನಾಮ್‌ಹ್ಯೊನ್‌ದೊಂಗ್‌ಗೂ ಇದೇ ಕ್ರಮವೇ?

ಬೇರೆ. ಅದರ ಹಳೆಯ ವಿಳಾಸ ಸಿಹುಂಗ್ ಗುನ್, ಸಿನ್‌ದೊಂಗ್ ಮ್ಯೊನ್, ಸಾದಂಗ್‌ರಿ. ದೊಂಗ್ ಮ್ಯೊನ್ ದಾಖಲೆಗಳಲ್ಲಿ ಹುಡುಕಿದರೆ ಸಿಗದು.

ಯಾರೋ ಮನೆಯನ್ನೇ ಬದಲಿಸಿಲ್ಲ, ಆದರೂ ಅವರ ನಿವಾಸ ಪತ್ರದಲ್ಲಿ ವಿಳಾಸ ನಾಲ್ಕು ಸಲ ಬದಲಾಗಿದೆ. ಇದು ತಪ್ಪೇ?

ತಪ್ಪಲ್ಲ. ಚೊಬೊನ್ ಎಂಬ ನಿವಾಸ ಪತ್ರದಲ್ಲಿ ಒಬ್ಬರ ಹಿಂದಿನ ವಿಳಾಸಗಳೆಲ್ಲ ಸಾಲಾಗಿ ಬರುತ್ತವೆ. ಆಡಳಿತ ಗಡಿ ಬದಲಾದಾಗ, ರಸ್ತೆ ವಿಳಾಸ ಬಂದಾಗ ಕಚೇರಿಯೇ ಹೊಸ ಸಾಲು ಸೇರಿಸುತ್ತದೆ. ಸಾಲಿನ ಪಕ್ಕದ ಕಾರಣದ ಕಲಂ ನೋಡಿ: ಸ್ಥಳಾಂತರ ಎಂದಿದ್ದರೆ ಮಾತ್ರ ಮನೆ ಬದಲಿಸಿದ್ದಾರೆ. ಈ ಪತ್ರಕ್ಕೆ ಕೌಂಟರ್‌ನಲ್ಲಿ 400 ವೊನ್, ಕೊರಿಯಾ ಪ್ರಜೆಗಳಿಗೆ ಆನ್‌ಲೈನ್‌ನಲ್ಲಿ ಉಚಿತ.

ಬಾಡಿಗೆಗೆ ಹೋಗುವ ವಿದೇಶಿ ವಿದ್ಯಾರ್ಥಿ ಯಾವ ದೊಂಗ್ ಬರೆಯಬೇಕು, ಎಲ್ಲಿಗೆ ಹೋಗಬೇಕು?

ಕರಾರಿನಲ್ಲಿ ಕಾನೂನಿನ ದೊಂಗ್ ಮತ್ತು ಜಿಬೊನ್, ಅಥವಾ ರಸ್ತೆ ವಿಳಾಸ ಇರಬೇಕು. ಅದು ನೋಂದಣಿ ಪತ್ರಕ್ಕೆ ಅಕ್ಷರಶಃ ಹೊಂದಬೇಕು. ದೇಹಾಕ್‌ದೊಂಗ್ 100-1 ಎಂದು ಬರೆದರೆ ಅಂಥ ಜಮೀನೇ ದಾಖಲೆಯಲ್ಲಿ ಇಲ್ಲ.

ಮನೆ ಬದಲಿಸಿದ ಮೇಲೆ ವಿದೇಶಿಯರು 15 ದಿನದೊಳಗೆ ಹೊಸ ವಿಳಾಸವನ್ನು ತಿಳಿಸಬೇಕು. ವಲಸೆ ಕಚೇರಿ, ಗು ಕಚೇರಿ ಅಥವಾ ದೊಂಗ್‌ನ ನಿವಾಸಿ ಕೇಂದ್ರದಲ್ಲಿ ಮಾಡಬಹುದು. ಪಾಸ್‌ಪೋರ್ಟ್, ವಿದೇಶಿ ನೋಂದಣಿ ಕಾರ್ಡ್, ಕರಾರು ಪತ್ರ ಬೇಕು. ಅಲ್ಲಿಗೆ ಹೋಗುವಾಗ ಮಾತ್ರ ಆಡಳಿತ ದೊಂಗ್ ಲೆಕ್ಕಕ್ಕೆ ಬರುತ್ತದೆ. ಸಿಲ್ಲಿಮ್‌ದೊಂಗ್ ವಿಳಾಸ ಎಂದು ಸಿಲ್ಲಿಮ್‌ದೊಂಗ್ ನಿವಾಸಿ ಕೇಂದ್ರದ ಸಾಲಿನಲ್ಲಿ ನಿಂತರೆ, ನಿಮ್ಮದು ಸೊರಿಮ್ ವ್ಯಾಪ್ತಿ ಎಂದು ವಾಪಸ್ ಕಳಿಸಬಹುದು. ಹೊರಡುವ ಮುಂಚೆ ರಸ್ತೆ ವಿಳಾಸವನ್ನು ನಕ್ಷೆಯ ಆ್ಯಪ್‌ನಲ್ಲಿ ಹಾಕಿ ಆಡಳಿತ ದೊಂಗ್ ನೋಡಿಕೊಳ್ಳಿ.

ಮುಂಗಡ ದೊಡ್ಡದಿದ್ದರೆ ಕರಾರಿನ ಮೇಲೆ ಹ್ವಾಕ್‌ಜೊಂಗ್ ಇಲ್ಜಾ ಎಂಬ ದಿನಾಂಕದ ಮುದ್ರೆಯನ್ನೂ ಹಾಕಿಸಿ. ವಿಳಾಸ ನೋಂದಣಿಯ ಕಾನೂನು ಬಲ ಆ ರಾತ್ರಿ 12 ಗಂಟೆ ಕಳೆದು ಮರುದಿನ ಹುಟ್ಟಿದಾಗ ಶುರುವಾಗುತ್ತದೆ, ಆದ್ದರಿಂದ ಮನೆಗೆ ಹೋದ ದಿನವೇ ಮಾಡಿ. ಕಟ್ಟಡ ಯಾವ ಬಗೆ ಎಂದೂ ತಿಳಿದಿರಬೇಕು. ಪ್ರತಿ ಮನೆಗೂ ಬೇರೆ ನೋಂದಣಿ ಇರುವ ದಾಸೇದೇ ಆದರೆ ಮನೆ ಸಂಖ್ಯೆ ಬಿಟ್ಟು ನೋಂದಾಯಿಸಿದರೆ ರಕ್ಷಣೆ ಸಿಗದು. ಇಡೀ ಕಟ್ಟಡಕ್ಕೆ ಒಂದೇ ನೋಂದಣಿ ಇರುವ ದಾಗಾಗು ಆದರೆ ಜಿಬೊನ್ ಸರಿ ಇದ್ದರೆ ಸಾಕು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, 700 ವೊನ್ ಕೊಟ್ಟು ನೋಂದಣಿ ಪತ್ರ ನೋಡುವುದೊಂದೇ ದಾರಿ.

ಅಂಚೆ ಸಂಖ್ಯೆಯಿಂದ ದೊಂಗ್ ಗೊತ್ತಾಗುತ್ತದೆಯೇ?

2015ರ ಜುಲೈ ಕೊನೆಯವರೆಗೆ 6 ಅಂಕಿಯ ಸಂಖ್ಯೆ ಇತ್ತು, ಆಗಸ್ಟ್ 1ರಿಂದ 5 ಅಂಕಿ. ಮೊದಲ ಮೂರು ಅಂಕಿ ಗುವನ್ನು, ಕೊನೆಯ ಎರಡು ಅದರೊಳಗಿನ ತುಂಡನ್ನು ಸೂಚಿಸುತ್ತವೆ. ವಿಶ್ವವಿದ್ಯಾಲಯದ್ದು 08826, ಗು ಕಚೇರಿಯದ್ದು 08832. ಕಾಗದದ ಮೇಲೆ 6 ಅಂಕಿ ಕಂಡರೆ ಆ ವಿಳಾಸವನ್ನು ಮತ್ತೊಮ್ಮೆ ಪರಿಶೀಲಿಸಿ.

ಸುದ್ದಿಯಲ್ಲಿ ಸಿಲ್ಲಿಮ್‌ದೊಂಗ್ ಎಂದು ಬಂದಾಗ ಯಾವ ಜಾಗ?

ಪತ್ರಿಕೆಗಳು ಬರೆಯುವುದು ಸಾಮಾನ್ಯವಾಗಿ ಕಾನೂನಿನ ದೊಂಗ್. ಅಂದರೆ ಹನ್ನೊಂದು ಆಡಳಿತ ದೊಂಗ್‌ಗಳಲ್ಲಿ ಯಾವುದಾದರೂ ಆಗಿರಬಹುದು. ಜನಸಂಖ್ಯೆ, ಚುನಾವಣೆಯ ಅಂಕಿಗಳು ಮಾತ್ರ ಆಡಳಿತ ದೊಂಗ್‌ನವು. ಎರಡನ್ನೂ ಒಂದೇ ಲೇಖನದಲ್ಲಿ ಬೆರೆಸಿದಾಗ ಸಣ್ಣ ದೊಂಗ್‌ನ ಜನಸಂಖ್ಯೆಗೆ ಇಡೀ ಸಿಲ್ಲಿಮ್‌ನ ಘಟನೆಗಳನ್ನು ಭಾಗಿಸಿ, ಇಲ್ಲದ ಅಪಾಯವನ್ನು ತೋರಿಸಿದಂತಾಗುತ್ತದೆ. ಅಲ್ಲಿ ಬದುಕುವ ಜನರಿಗೆ ಇದರಿಂದ ಅನ್ಯಾಯವಾಗುತ್ತದೆ.

ಕಾನೂನಿನ ಸಿಲ್ಲಿಮ್‌ದೊಂಗ್ ಅನ್ನೂ ಹನ್ನೊಂದಾಗಿ ಒಡೆದು ಗೊಂದಲ ಮುಗಿಸಬಾರದೇ?

ಮಾಡಬಹುದು, ಆದರೆ ಒಂದೊಂದು ಖಾತೆ, ನೋಂದಣಿ ಪುಟ, ಕಟ್ಟಡದ ದಾಖಲೆಯಲ್ಲೂ ದೊಂಗ್ ಹೆಸರು ತಿದ್ದಬೇಕು, ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಆಡಳಿತ ದೊಂಗ್ ಹೆಸರಿಗೆ ಗುವಿನ ಉಪನಿಯಮ ಸಾಕಾದ್ದರಿಂದಲೇ 2008ರ ಬದಲಾವಣೆ ಒಂದೇ ಏಟಿಗೆ ಆಗಿದ್ದು. ಜಮೀನು ದಾಖಲೆಯ ಸರಪಳಿ 1910ರ ದಶಕದಿಂದ ಇಲ್ಲಿವರೆಗೆ ಒಂದೇ ಹೆಸರಿನಲ್ಲಿ ಓದಲು ಸಿಗುವುದು ದೊಡ್ಡ ಅನುಕೂಲ, ಅದನ್ನು ಕಳೆದುಕೊಳ್ಳುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ.